27 ಟನ್ನಿಗಿಂತ ಹಗುರಾದವರು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಜನ ವಿಮಾನ ಹತ್ತಬೇಕೆಂದರೆ ಬೆಳಗಾವಿಯ ಸಾಂಬ್ರಾಕ್ಕೆ ಹೋಗಬೇಕು, ಇಲ್ಲವೇ ಹುಬ್ಬಳ್ಳಿಗೆ. ಇಲ್ಲಿ ಇಳಿಯುವ ಎಟಿಆರ್ 72 ವಿಮಾನ ತುಂಬಿ ಹೊರಟಾಗ ಸುಮಾರು 23 ಟನ್ ತೂಗುತ್ತದೆ. 50 ಸೀಟಿನ ಎಂಬ್ರೇಯರ್ 145 ತುಸು ಹಗುರ. ಪ್ರಯಾಣಿಕರಿಗೆ ಈ ತೂಕದ ಲೆಕ್ಕ ಯಾಕೆ? ಸುರಕ್ಷತೆಯ ನಿಯಮವೇ ತೂಕ ನೋಡಿ ಬರೆದಿರುವುದರಿಂದ.

2014ರ ಮಾರ್ಚ್ 8ರಂದು ಮಲೇಷ್ಯಾದ ಎಂಎಚ್370 ವಿಮಾನ 239 ಜನರೊಂದಿಗೆ ಕಣ್ಮರೆಯಾಯಿತು. ಉಳಿದದ್ದು ಗಂಟೆಗೊಮ್ಮೆ ಉಪಗ್ರಹ ‘ಇದ್ದೀಯಾ’ ಎಂದು ಕೇಳಿದ್ದು, ವಿಮಾನ ‘ಇದ್ದೇನೆ’ ಎಂದದ್ದು, ಅಷ್ಟರ ದಾಖಲೆ. ಅದನ್ನು ಹಿಡಿದು ಹಿಂದೂ ಮಹಾಸಾಗರದ ನಕ್ಷೆಯ ಮೇಲೆ ಕಮಾನಿನಂಥ ಗೆರೆ ಎಳೆದರು; ಬಿದ್ದ ಜಾಗ ಮಾತ್ರ ಸಿಗಲಿಲ್ಲ.

ಈಗ ಪರಿಸ್ಥಿತಿ ಬೇರೆ. ವಿಮಾನವು ತಾನಿರುವ ಜಾಗ, ಎತ್ತರ, ವೇಗವನ್ನು ಸೆಕೆಂಡಿಗೆ ಸುಮಾರು ಎರಡು ಸಲ ರೇಡಿಯೊದಲ್ಲಿ ಸಾರುತ್ತಾ ಹೋಗುವ ವ್ಯವಸ್ಥೆಗೆ ಎಡಿಎಸ್-ಬಿ ಎನ್ನುತ್ತಾರೆ. ನೆಲದ ಕೇಂದ್ರಗಳಿಗೆ ತಲುಪದ ಈ ಸಂಕೇತಗಳನ್ನು 780 ಕಿ.ಮೀ. ಎತ್ತರದ 66 ಇರಿಡಿಯಂ ಉಪಗ್ರಹಗಳು 2019ರಿಂದ ಹಿಡಿಯುತ್ತಿವೆ. ನಡುಸಮುದ್ರವೂ ಹೊರತಲ್ಲ, ಧ್ರುವವೂ ಹೊರತಲ್ಲ. ಆದರೆ ವಿಮಾನದೊಳಗಿನ ಯಂತ್ರ ಬಂದ್ ಆದರೆ ಉಪಗ್ರಹವೂ ಏನೂ ಮಾಡಲಾರದು.

ಅದಕ್ಕೇ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಇನ್ನೊಂದು ಹೆಜ್ಜೆ ಇಟ್ಟಿತು: ಅಪಾಯಕ್ಕೆ ಸಿಕ್ಕ ವಿಮಾನ ತಾನಾಗಿಯೇ ನಿಮಿಷಕ್ಕೊಮ್ಮೆ ತನ್ನ ಜಾಗ ತಿಳಿಸಬೇಕು. ಒಳ್ಳೆಯ ನಿಯಮವೇ. ಆದರೆ ಅದು 27 ಟನ್ನಿಗಿಂತ ಭಾರದ, 2024ರಿಂದೀಚಿನ ಹೊಸ ವಿಮಾನಗಳಿಗೆ ಮಾತ್ರ. ಎಟಿಆರ್ ಹೊರಗೆ. ತರಬೇತಿ ವಿಮಾನ, ನಾಯಕರು ಬಾಡಿಗೆಗೆ ತರುವ ಹೆಲಿಕಾಪ್ಟರ್ ಇವುಗಳ ಮಾತಂತೂ ದೂರ.

ನೆಲದ ಮೇಲೆ ಹಾರುವವಕ್ಕೆ ರಡಾರ್ ಇದೆಯಲ್ಲ ಎನ್ನುವವರಿದ್ದಾರೆ. ಗುಡ್ಡದ ಮರೆಯಲ್ಲಿ ತಗ್ಗಿ ಹಾರಿದರೆ ರಡಾರಿಗೂ ಕಾಣದು. 2009ರ ಸೆಪ್ಟೆಂಬರ್ 2ರಂದು ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರಿದ್ದ ಹೆಲಿಕಾಪ್ಟರ್ ನಲ್ಲಮಲ ಕಾಡಿನಲ್ಲಿ ಬಿತ್ತು; ಪತ್ತೆಯಾದದ್ದು ಮರುದಿನ. ಮುಖ್ಯಮಂತ್ರಿಗೇ ಹೀಗಾದರೆ ಉಳಿದವರ ಪಾಡೇನು? 2023ರ ಮೇ 30ರಂದು ಸಾಂಬ್ರಾ ಬಳಿಯ ಹೊನ್ನಿಹಾಳದ ಹೊಲಕ್ಕಿಳಿದ ತರಬೇತಿ ವಿಮಾನ ಊರ ಜನರ ಕಣ್ಣಿಗೇ ಬಿತ್ತು. ಅದೇ ಖಾನಾಪುರದ ಕಾಡಾಗಿದ್ದರೆ?

ಅಪಘಾತದ ಹೊಡೆತಕ್ಕೆ ಚಾಲೂ ಆಗಿ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹವನ್ನು ಕರೆಯುವ ಪೆಟ್ಟಿಗೆ ಇದೆ, ನಿಜ. ಆ ಕರೆಯನ್ನು ಸ್ವೀಕರಿಸುವ ಭಾರತದ ಕೇಂದ್ರವೂ ಬೆಂಗಳೂರಿನಲ್ಲೇ, ಇಸ್ರೋದ ಇಸ್ಟ್ರಾಕ್‌ನಲ್ಲಿದೆ. ಈ ಜಾಲ 1982ರಲ್ಲಿ ಮೊದಲು ಉಳಿಸಿದ್ದು ಕೆನಡಾದಲ್ಲಿ ಬಿದ್ದ ಪುಟ್ಟ ವಿಮಾನದ ಮೂವರನ್ನು. ಆದರೆ ಬಿದ್ದ ರಭಸಕ್ಕೆ ಆಂಟೆನಾ ಮುರಿದರೆ, ಬೆಂಕಿ ಹೊತ್ತಿದರೆ ಪೆಟ್ಟಿಗೆ ಮೂಕವಾಗುತ್ತದೆ. ಜಾಗ ಗೊತ್ತಾಗಬೇಕಾದದ್ದು ಬೀಳುವ ಮುಂಚೆ.

ಕೇಂದ್ರದ ವಿಮಾನಯಾನ ಮಹಾನಿರ್ದೇಶನಾಲಯ ಉಪಗ್ರಹಕ್ಕೆ ನಿರಂತರ ಜಾಗ ತಿಳಿಸುವ ಸಾಧನವನ್ನು ತರಬೇತಿ ವಿಮಾನಗಳಿಗೂ ಬಾಡಿಗೆ ಹೆಲಿಕಾಪ್ಟರ್‌ಗಳಿಗೂ ಕಡ್ಡಾಯ ಮಾಡಬೇಕು. ಅಲ್ಲಿಯವರೆಗೆ ಜಿಲ್ಲಾಡಳಿತವಾದರೂ ಚುನಾವಣೆಯ ಹೊತ್ತಿಗೆ ಸವದತ್ತಿಯಲ್ಲೋ ರಾಮದುರ್ಗದಲ್ಲೋ ಹೆಲಿಪ್ಯಾಡಿಗೆ ಅನುಮತಿ ಕೊಡುವಾಗ, ಆ ಸಾಧನ ಇದೆಯೇ ಎಂದು ಅರ್ಜಿಯಲ್ಲೇ ಕೇಳಬಹುದು.