ಕಣ್ಣಲ್ಲಿ ಮಿಂಚು ಕಂಡರೆ ನಾಳೆ ಎನ್ನಬೇಡಿ

ಸೋಮಂದೇಪಲ್ಲಿ: ಹಿರಿಯರ ಕಣ್ಣು ಮಂಜಾದರೆ ಗಡಿಭಾಗದ ಮನೆಗಳಲ್ಲಿ ಮೊದಲು ಬರುವ ಮಾತು ಒಂದೇ: 'ಪೊರೆ ಬಂದಿರ್ಬೇಕು ಬಿಡು, ಕ್ಯಾಂಪ್ ಬಂದಾಗ ತೋರ್ಸಿದ್ರಾಯ್ತು.' ಪೊರೆಯಾದರೆ ಸಾಮಾನ್ಯವಾಗಿ ಕೆಲವು ವಾರ ಕಾಯುತ್ತದೆ. ಹರಿದ ಅಕ್ಷಿಪಟಲ ಕಾಯುವುದಿಲ್ಲ.

ಕಣ್ಣಿನ ಹಿಂದಿನ ಒಳಗೋಡೆಗೆ ಅಂಟಿಕೊಂಡ ತೆಳು ಪದರವೇ ಅಕ್ಷಿಪಟಲ. ವೈದ್ಯರು ರೆಟಿನಾ ಎನ್ನುತ್ತಾರೆ. ವಯಸ್ಸಾದಂತೆ ಕಣ್ಣೊಳಗಿನ ಲೋಳೆ ಕುಗ್ಗಿ ಈ ಪದರದಿಂದ ಬಿಡಿಸಿಕೊಳ್ಳುತ್ತದೆ. ಕೆಲವರಲ್ಲಿ ಅದು ಪದರವನ್ನೇ ಎಳೆದು ಹರಿಯುತ್ತದೆ. ಹರಿದ ಕಿಂಡಿಯಿಂದ ನೀರು ನುಗ್ಗಿದರೆ, ತೇವಕ್ಕೆ ಗೋಡೆಯ ಕಾಗದ ಕಿತ್ತು ಬಂದಂತೆ ಪದರ ಕಳಚುತ್ತದೆ. ನೋವು ಇರುವುದಿಲ್ಲ. ಅಸಡ್ಡೆಗೆ ಇದೇ ಕಾರಣ.

ಲಕ್ಷಣಗಳನ್ನು ಮನೆಮಂದಿಯೆಲ್ಲ ತಿಳಿದಿರಬೇಕು. ಕಣ್ಣಂಚಿನಲ್ಲಿ ಮಿಂಚು ಹೊಡೆದಂತಾಗುವುದು, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳು ನೊಣದಂತೆ ತೇಲುವುದು, ಒಂದು ಬದಿಯಿಂದ ಪರದೆ ಇಳಿದಂತೆ ಕತ್ತಲಾಗುವುದು. ಹೆಚ್ಚು ಮೈನಸ್ ಪವರ್ ಕನ್ನಡಕದವರು, ಪೊರೆ ಆಪರೇಷನ್ ಆದವರು, ಕಣ್ಣಿಗೆ ಪೆಟ್ಟು ಬಿದ್ದವರು, ಮನೆಯಲ್ಲಿ ಯಾರಿಗಾದರೂ ಪದರ ಕಳಚಿದ್ದವರು ಇನ್ನಷ್ಟು ಎಚ್ಚರವಾಗಿರಬೇಕು.

ಹರಿದಿದ್ದು ಕಳಚುವ ಮೊದಲೇ ಸಿಕ್ಕರೆ ಲೇಸರ್ ಸಾಕು. ಹರಿದ ಜಾಗದ ಸುತ್ತ ಬೆಳಕಿನಿಂದ ಸಣ್ಣ ಸಣ್ಣ ಚುಕ್ಕೆ ಸುಟ್ಟು, ಬಟ್ಟೆಯ ತೂತಿಗೆ ಸುತ್ತ ಹೊಲಿಗೆ ಹಾಕಿದಂತೆ ಪದರವನ್ನು ಅಂಟಿಸುತ್ತಾರೆ. ಕೆಲವೇ ನಿಮಿಷದ ಕೆಲಸ, ಅದೇ ದಿನ ಮನೆಗೆ ಬರಬಹುದು. ಅಂಟು ಗಟ್ಟಿಯಾಗಲು ಒಂದೆರಡು ವಾರ ಬೇಕು. ಪದರ ಬಹಳಷ್ಟು ಕಳಚಿದ ಮೇಲೆ ಲೇಸರ್ ಒಂದರಿಂದಲೇ ಆಗದು, ಶಸ್ತ್ರಚಿಕಿತ್ಸೆ ಬೇಕು. ಕಿಂಡಿ ಮುಚ್ಚಿದರೆ ಕಣ್ಣು ಉಳಿಯುತ್ತದೆಂದು 1920ರ ದಶಕದಲ್ಲೇ ಸ್ವಿಟ್ಜರ್ಲೆಂಡ್‌ನ ವೈದ್ಯ ಜೂಲ್ಸ್ ಗೊನಾ ತೋರಿಸಿಕೊಟ್ಟರು. ನೂರು ವರ್ಷ ಕಳೆದರೂ ತಡಮಾಡಿ ದೃಷ್ಟಿ ಕಳೆದುಕೊಳ್ಳುವವರಿದ್ದಾರೆ ಎಂಬುದು ವಿಷಾದದ ಸಂಗತಿ.

ಗಡಿಯ ಕನ್ನಡ ಕುಟುಂಬಗಳಿಗೆ ಕಷ್ಟ ಇನ್ನೊಂದು ಬಗೆಯದು. ರೆಟಿನಾ ತಜ್ಞರು ಪ್ರತಿ ಊರಿನಲ್ಲಿ ಸಿಗುವುದಿಲ್ಲ. ಹೆದ್ದಾರಿಯಲ್ಲಿ ಬಸ್ಸು ಹಿಡಿದರೆ ಬೆಂಗಳೂರಿನ ಮಿಂಟೋ ಆಸ್ಪತ್ರೆಯಿದೆ; ಇದೇ ಜಿಲ್ಲೆಯ ಪುಟ್ಟಪರ್ತಿಯಲ್ಲಿ 1991ರಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆಯಿದೆ. ಆದರೆ ಯಾವ ರಾಜ್ಯದ ಕಾರ್ಡು ಎಲ್ಲಿ ನಡೆಯುತ್ತದೆ, ಯಾವ ದಿನ ರೆಟಿನಾ ವೈದ್ಯರು ಇರುತ್ತಾರೆ ಎಂದು ವಿಚಾರಿಸುವುದರಲ್ಲೇ ದಿನಗಳು ಉರುಳುತ್ತವೆ. ಚೀಟಿ ತೆಲುಗಿನಲ್ಲೋ ಇಂಗ್ಲಿಷಿನಲ್ಲೋ ಇದ್ದರೆ, ಕನ್ನಡವಷ್ಟೇ ಓದಬಲ್ಲ ಅಜ್ಜಿಗೆ 'ತುರ್ತು' ಎಂಬ ಪದವೇ ತಿಳಿಯದು.

ಆರೋಗ್ಯ ಇಲಾಖೆ ಇಲ್ಲಿ ಮಾಡಬೇಕಾದ್ದು ದೊಡ್ಡ ಖರ್ಚಿನದಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ಗೋಡೆಯ ಮೇಲೆ ಈ ಮೂರು ಲಕ್ಷಣಗಳನ್ನು ತೆಲುಗಿನ ಜೊತೆ ಕನ್ನಡದಲ್ಲೂ ಬರೆಸಲಿ. ಎಲ್ಲಿಗೆ ಕಳಿಸಬೇಕು, ಕಾರ್ಡು ಎಲ್ಲಿ ನಡೆಯುತ್ತದೆ ಎಂಬ ಪಟ್ಟಿ ಆಶಾ ಕಾರ್ಯಕರ್ತೆಯರ ಕೈಯಲ್ಲಿರಲಿ. ಕಣ್ಣಿನ ಶಿಬಿರದಲ್ಲಿ ಪೊರೆ, ಕನ್ನಡಕಕ್ಕೆ ನಿಲ್ಲದೆ, ಮಿಂಚು-ಚುಕ್ಕೆ ಹೇಳಿಕೊಂಡವರನ್ನು ಅಂದೇ ತಜ್ಞರ ಬಳಿ ಕಳಿಸಲಿ.

ಮನೆಯವರ ಪಾಲೂ ಇದೆ. ಪಾಪೆ ಹಿಗ್ಗಿಸುವ ಹನಿ ಹಾಕಿಯೇ ಪದರ ನೋಡಬೇಕು. ಕೆಲವು ತಾಸು ಕಣ್ಣು ಮಂಜಾಗಿರುತ್ತದೆ. ಹಾಗಾಗಿ ಹಿರಿಯರನ್ನು ಒಬ್ಬರೇ ಕಳಿಸದೆ ಮಗನೋ ಮಗಳೋ ಜೊತೆಗೆ ಹೋಗಬೇಕು. ಒಂದು ದಿನದ ಕೂಲಿ ಹೋದರೆ ನಾಳೆ ದುಡಿಯಬಹುದು. ಹೋದ ಕಣ್ಣನ್ನು ಯಾರು ತಂದುಕೊಟ್ಟಾರು?