ಬಿಸಿಲಿಗೂ ಪಹಣಿಯೇ?

ನಮ್ಮ ಗೌನಿಪಲ್ಲಿಯ ಕಡೆ ಬಿಸಿಲಿಗೆ ಬರವಿಲ್ಲ; ಬರವಿರುವುದು ನೀರಿಗೆ, ಕೆಲಸಕ್ಕೆ. ಹೀಗಿರುವಾಗ ಸೌರವಿದ್ಯುತ್ತಿನ ಹಿಂದೆಯೇ ಉದ್ಯೋಗವೂ ತಾನಾಗಿ ಬರುತ್ತದೆಂಬ ಮಾತನ್ನು ನಾನು ಒಪ್ಪಲಾರೆ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮೊದಲು ಹರಿದದ್ದು ನಮ್ಮ ಜಿಲ್ಲೆಯ ಚಿನ್ನದ ಗಣಿಗಳಿಗೆ. 2001ರಲ್ಲಿ ಗಣಿ ಮುಚ್ಚಿತು. ವಿದ್ಯುತ್ತು ಉಳಿಯಿತು, ಉದ್ಯೋಗ ಉಳಿಯಲಿಲ್ಲ. ಕಾರ್ಮಿಕರ ಮಕ್ಕಳು ಇಂದಿಗೂ ಕೆಲಸಕ್ಕಾಗಿ ಬೆಂಗಳೂರಿನ ರೈಲು ಹತ್ತುತ್ತಿದ್ದಾರೆ.

ಈಗ ಪಾವಗಡವನ್ನು ನೋಡಿ. 2018ರಲ್ಲಿ ಉದ್ಘಾಟನೆಯಾದ ಅಲ್ಲಿನ ಸೌರ ಪಾರ್ಕ್ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿದೆ. ಸಾಮರ್ಥ್ಯ 2,050 ಮೆಗಾವಾಟ್. ಭೂಮಿಯನ್ನು ಕಸಿದುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆದದ್ದು ಮೆಚ್ಚತಕ್ಕ ಕ್ರಮವೇ. ಆದರೆ ಆ ಹಣ ಸಲ್ಲುವುದು ಪಹಣಿಯಲ್ಲಿ ಹೆಸರಿರುವವರಿಗೆ. ಅದೇ ಹೊಲದಲ್ಲಿ ಕಡಲೆಕಾಯಿ ಕಿತ್ತು ಬದುಕುತ್ತಿದ್ದ ಕೂಲಿಯವಳ ಹೆಸರು ಯಾವ ಪಹಣಿಯಲ್ಲಿದೆ? ಫಲಕಗಳನ್ನು ಹೂಡುವಾಗ ಬಹಳ ಕೈಗಳು ಬೇಕು; ಆಮೇಲೆ ತೊಳೆಯಲು, ಕಳೆ ಕೀಳಲು, ಕಾವಲು ಕಾಯಲು ಕೆಲವೇ ಸಾಕು.

ನಾಳೆ ನಮ್ಮ ಶ್ರೀನಿವಾಸಪುರದ ಬಯಲುಗಳಿಗೂ ಫಲಕಗಳು ಬರಬಹುದು. ಬರಲಿ, ನಾನು ವಿರೋಧಿಯಲ್ಲ. ಆದರೆ ಸರ್ಕಾರ ಮೆಗಾವಾಟ್‌ಗಳನ್ನು ಎಣಿಸುವ ಮೊದಲು ಆ ನೆಲದಲ್ಲಿ ದುಡಿಯುವ ಭೂರಹಿತರನ್ನು ಎಣಿಸಲಿ. ಅವರ ಪಾಲನ್ನೂ ಗುತ್ತಿಗೆ ಪತ್ರದಲ್ಲಿಯೇ ಬರೆಯಲಿ.