ಕೆನ್ಯಾದ ಟೆಲಿಫೋನೂ ನಮ್ಮ ಊರಿನ ನಂಬರೂ

2010ನೆಯ ಇಸವಿಯ ಜೂನ್ ತಿಂಗಳಲ್ಲಿ ನಮ್ಮ ದೇಶದ ಭಾರತಿ ಏರ್‌ಟೆಲ್ ಕಂಪೆನಿಯು ಕುವೈತಿನ ಜೈನ್ ಸಂಸ್ಥೆಯಿಂದ ಆಫ್ರಿಕಾ ಖಂಡದ 15 ದೇಶಗಳ ಮೊಬೈಲ್ ವ್ಯವಹಾರವನ್ನು 1,070 ಕೋಟಿ ಡಾಲರುಗಳ ಲೆಕ್ಕದಲ್ಲಿ ಕೊಂಡಿತು. ಆ ಮೊತ್ತವನ್ನು ಕೇಳಿ ಬೆರಗಾದವರು ಹಲವರು. ಕೊಂಡ ಸರಕೇನೆಂದು ವಿಚಾರಿಸಿದವರು ಕೆಲವರು. ಆ 15 ದೇಶಗಳಲ್ಲಿ ಒಂದಾದ ಕೆನ್ಯಾದ ವೃತ್ತಾಂತವನ್ನು ವಿಜಯವಾಡ ಮತ್ತು ವಿಶಾಖಪಟ್ಟಣಗಳ ಆಟೋನಗರಗಳಲ್ಲಿ ದುಡಿಯುತ್ತಿರುವ ನಮ್ಮ ಹೋಟೆಲ್ ಬಂಧುಗಳೂ ಗುಮಾಸ್ತ ಮಿತ್ರರೂ ಅರಿತಿರುವುದು ಅವಶ್ಯಕವೆಂದು ನಾವು ಭಾವಿಸುತ್ತೇವೆ. ಅಲ್ಲಿಯ ಗಿರಾಕಿಯೂ ಇಲ್ಲಿಯ ಗಿರಾಕಿಯೂ ಒಂದೇ ಜಾತಿಯವರು: ಊರು ಬಿಟ್ಟು ಬಂದು, ದಿನದ ಕೂಲಿಯಲ್ಲಿ ಚೂರುಪಾರು ಉಳಿಸಿ, ಮನೆಗೆ ಕಳುಹಿಸುವವರು.

2000ದ ಸುಮಾರಿಗೆ ಕೆನ್ಯಾದಲ್ಲಿ ಎರಡು ಕಂಪೆನಿಗಳು ಸ್ಪರ್ಧೆಗಿಳಿದವು. ಕೆನ್ಸೆಲ್ ಎಂಬುದೊಂದು, ಸಫಾರಿಕಾಮ್ ಎಂಬುದಿನ್ನೊಂದು. ಕೆನ್ಸೆಲ್ ಮಾತಿನ ದರವನ್ನು ನಿಮಿಷದ ಮೇಲೆ ಕಟ್ಟಿತು. ಹತ್ತು ಸೆಕೆಂಡು ಮಾತನಾಡಿದವನೂ ಪೂರ್ತಿ ನಿಮಿಷದ ಹಣ ತೆರಬೇಕು. ಸಫಾರಿಕಾಮ್ ಸೆಕೆಂಡಿನ ಲೆಕ್ಕವನ್ನು ಹಿಡಿಯಿತು. ದೊಡ್ಡ ವ್ಯಾಪಾರಸ್ಥನಿಗೆ ಈ ಭೇದ ಲಕ್ಷ್ಯಕ್ಕೆ ಬಾರದು. “ಬಸ್ಸು ಹತ್ತಿದೆ, ರಾತ್ರಿಗೆ ಬರುತ್ತೇನೆ” ಎಂದಷ್ಟೇ ಹೇಳಿ ಇಡುವ ಬಡವನಿಗೆ ಅದು ಸರ್ವಸ್ವ. ನಮ್ಮ ಹೋಟೆಲುಗಳಲ್ಲಿ ಬೈಟು ಕಾಫಿ ಕೊಡುವುದಿಲ್ಲವೆಂದು ಹಲಗೆ ತೂಗಹಾಕಿದ ಮಾಲೀಕನ ಮೇಜುಗಳು ಹೇಗೆ ಖಾಲಿಯಾಗುತ್ತವೆ ಎಂಬುದನ್ನು ಬಲ್ಲವರಿಗೆ ಮುಂದಿನ ಕಥೆಯನ್ನು ವಿವರಿಸಬೇಕಾಗಿಲ್ಲ. ಗಿರಾಕಿಗಳು ಸಫಾರಿಕಾಮಿನ ಕಡೆಗೆ ಹೋದರು. ಕೆನ್ಸೆಲ್ ಕಾಲಕ್ರಮದಲ್ಲಿ ಸೆಲ್‌ಟೆಲ್ ಆಯಿತು, 2008ರಲ್ಲಿ ಜೈನ್ ಆಯಿತು, 2010ರಲ್ಲಿ ಏರ್‌ಟೆಲ್ ಆಯಿತು.

ಏತನ್ಮಧ್ಯೆ 2007ರ ಮಾರ್ಚಿಯಲ್ಲಿ ಸಫಾರಿಕಾಮ್ ಎಂ-ಪೇಸಾ ಎಂಬ ಏರ್ಪಾಟನ್ನು ತೆರೆಯಿತು. ಪೇಸಾ ಎಂದರೆ ಸ್ವಾಹಿಲಿ ಭಾಷೆಯಲ್ಲಿ ಹಣ. ನಮ್ಮ ಪೈಸೆಯೇ ಹಡಗೇರಿ ಅಲ್ಲಿಗೆ ಹೋಯಿತೆಂದು ಹೇಳುವವರುಂಟು. ನೈರೋಬಿಯಲ್ಲಿ ದುಡಿಯುವವನು ಬೀದಿಯ ಅಂಗಡಿಯಲ್ಲಿ ನಗದು ಕೊಡುತ್ತಾನೆ. ಅಂಗಡಿಯವನು ಅದನ್ನು ಅವನ ಫೋನಿನ ಖಾತೆಗೆ ಜಮೆ ಮಾಡುತ್ತಾನೆ. ಅಲ್ಲಿಂದ ಒಂದು ಸಂದೇಶ ಹಳ್ಳಿಯಲ್ಲಿರುವ ತಾಯಿಯ ಫೋನಿಗೆ ಹೋಗುತ್ತದೆ. ಆಕೆ ತನ್ನ ಊರಿನ ಅಂಗಡಿಯಲ್ಲಿ ಗುರುತಿನ ಚೀಟಿ ತೋರಿಸಿ ನಗದು ಪಡೆಯುತ್ತಾಳೆ. ಬ್ಯಾಂಕಿನ ಖಾತೆ ಬೇಡ, ದುಬಾರಿ ಫೋನು ಬೇಡ. ಮನೆಗೆ ಹಣ ಕಳುಹಿಸಿ ಎಂಬುದೇ ಅದರ ಮೊದಲ ಜಾಹೀರಾತು. ನೂರು ರೂಪಾಯಿಗೆ ಐದು ರೂಪಾಯಿ ಕಮಿಷನ್ ತೆತ್ತು ಅಂಚೆ ಕಚೇರಿಯ ಮುಂದೆ ಮನಿಯಾರ್ಡರ್ ಫಾರಮ್ಮು ತುಂಬಿದ ನಮ್ಮ ಹಿರಿಯ ಕಾರ್ಮಿಕರಿಗೆ ಈ ಜಾಹೀರಾತಿನ ಬೆಲೆ ತಿಳಿಯದೆ ಇರಲಾರದು.

ಏರ್‌ಟೆಲ್ ಕೆನ್ಯಾಕ್ಕೆ ಕಾಲಿಟ್ಟ ವರ್ಷವೇ ಅಲ್ಲಿ ಮಾತಿನ ದರ ಅರ್ಧಕ್ಕೆ ಇಳಿಯಿತು. 2011ರ ಏಪ್ರಿಲ್‌ನಲ್ಲಿ ನಂಬರು ಬದಲಾಯಿಸದೆ ಕಂಪೆನಿ ಬದಲಾಯಿಸುವ ಹಕ್ಕೂ ಬಂದಿತು. ಆದರೂ ಗಿರಾಕಿಗಳು ಕದಲಲಿಲ್ಲ. ಮಾತು ಅಗ್ಗವಾದರೇನು, ಅವರ ಹಣದ ದಾರಿ ಹಳೆಯ ಕಂಪೆನಿಯ ನಂಬರಿನಲ್ಲಿ ಸಿಕ್ಕಿಕೊಂಡಿತ್ತು. ಒಂದು ಕಂಪೆನಿಯ ಹಣದ ಖಾತೆಯಿಂದ ಇನ್ನೊಂದರ ಖಾತೆಗೆ ನೇರವಾಗಿ ಹಣ ಕಳುಹಿಸುವ ಅನುಕೂಲ ಅಲ್ಲಿ ಏರ್ಪಟ್ಟದ್ದು 2018ರಲ್ಲಿ.

ಈ ಒಂದು ವಿಷಯದಲ್ಲಿ ನಮ್ಮ ದೇಶ ಹೆಚ್ಚು ಜಾಣತನದಿಂದ ನಡೆದುಕೊಂಡಿದೆ ಎಂಬುದನ್ನು ಒಪ್ಪಲೇಬೇಕು. 2016ರಲ್ಲಿ ಬಂದ ಯು.ಪಿ.ಐ. ಯಾವ ಟೆಲಿಫೋನ್ ಕಂಪೆನಿಯ ಸೊತ್ತೂ ಅಲ್ಲ. ಕುಂದಾಪುರದ ಮನೆಗೆ ಐನೂರು ರೂಪಾಯಿ ಕಳುಹಿಸಿದವನಿಗೆ ಶುಲ್ಕವೂ ಇಲ್ಲ. ಟೆಲಿಫೋನಿನವರೇ ಬ್ಯಾಂಕು ನಡೆಸಿದರೆ ಏನಾಗಬಹುದೆಂಬುದನ್ನು ನಾವು 2017ರಲ್ಲಿ ಕಂಡೆವು. ಆಧಾರ್ ಗುರುತಿಗೆಂದು ಬಂದ ಗಿರಾಕಿಗಳ ಹೆಸರಿನಲ್ಲಿ, ಅವರ ಸ್ಪಷ್ಟ ಒಪ್ಪಿಗೆಯಿಲ್ಲದೆ ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆಗಳು ತೆರೆಯಲ್ಪಟ್ಟು, ಅಡುಗೆ ಅನಿಲದ ಸಬ್ಸಿಡಿ ಅಲ್ಲಿಗೆ ಹೋಯಿತೆಂಬ ದೂರುಗಳೆದ್ದವು. 2018ರ ಮಾರ್ಚಿಯಲ್ಲಿ ರಿಸರ್ವ್ ಬ್ಯಾಂಕು ಆ ಬ್ಯಾಂಕಿಗೆ 5 ಕೋಟಿ ರೂಪಾಯಿ ದಂಡ ವಿಧಿಸಿತು.

ಆದರೆ ಕೆನ್ಯಾದ ಗಿರಾಕಿಯನ್ನು ಕಟ್ಟಿಹಾಕಿದ ಹಗ್ಗ ನಮ್ಮಲ್ಲಿ ಬೇರೊಂದು ರೂಪ ತಾಳಿದೆ. ಆ ಹಗ್ಗವೇ ಊರಿನ ನಂಬರು. ಬ್ಯಾಂಕು, ಆಧಾರ್, ಅನಿಲ, ಪಡಿತರ ಎಲ್ಲವೂ ಅದರ ಕೊರಳಿಗೆ ಕಟ್ಟಿಕೊಂಡಿವೆ. ಬ್ಯಾಂಕಿನಲ್ಲಿ ನೋಂದಾಯಿಸಿದ ನಂಬರು ಬದುಕಿಲ್ಲದಿದ್ದರೆ ಹೊಸ ಫೋನಿನಲ್ಲಿ ಯು.ಪಿ.ಐ. ತೆರೆಯುವುದಿಲ್ಲ. ಆದುದರಿಂದ ಆಂಧ್ರದ ನಂಬರೊಂದು, ಊರಿನ ನಂಬರೊಂದು ಎಂದು ಎರಡನ್ನು ಸಾಕುವವರು ನಮ್ಮಲ್ಲಿ ಅನೇಕರು. 1999ರಲ್ಲಿ ಜೆ.ಟಿ. ಮೊಬೈಲ್ಸನ್ನು ಕೊಂಡು ಕರ್ನಾಟಕ ಮತ್ತು ಆಂಧ್ರ ಎರಡೂ ವಲಯಗಳಿಗೆ ಕಾಲಿಟ್ಟ ಏರ್‌ಟೆಲ್, ಗಡಿ ದಾಟಿದ ಗಿರಾಕಿಗೆ ಒಳಬರುವ ಕರೆಗೂ ರೋಮಿಂಗ್ ಸುಂಕ ಹಾಕುವುದನ್ನು ಬಿಟ್ಟದ್ದು 2017ರ ಏಪ್ರಿಲ್‌ನಲ್ಲಿ. ಬಳ್ಳಾರಿ ದಾಟಿದೊಡನೆ ಫೋನು ಆರಿಸಿಡುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು.

ಒಂದು ಕೈಯಿಂದ ಬಿಟ್ಟದ್ದನ್ನು ಇನ್ನೊಂದು ಕೈಯಿಂದ ಹಿಡಿದರು. ಹತ್ತು ರೂಪಾಯಿ ಹಾಕಿಸಿ ತಿಂಗಳುಗಟ್ಟಲೆ ನಂಬರು ಇಟ್ಟುಕೊಳ್ಳಬಹುದಾಗಿದ್ದ ಸೌಕರ್ಯವು ಕ್ರಮೇಣ ಅಳಿಯಿತು. ನಂಬರು ಜೀವಂತವಿರಲು 28 ದಿನಗಳಿಗೊಮ್ಮೆ ತೆರಬೇಕಾದ ಕನಿಷ್ಠ ಹಣ ಏರ್‌ಟೆಲ್ಲಿನಲ್ಲಿ 2018ರ ಕೊನೆಗೆ 35 ರೂಪಾಯಿ, 2021ರ ನವೆಂಬರಿನಲ್ಲಿ 99 ರೂಪಾಯಿ, 2024ರ ಜುಲೈಯಲ್ಲಿ 199 ರೂಪಾಯಿ. ಇತರ ಖಾಸಗಿ ಕಂಪೆನಿಗಳೂ ಅದೇ ತಿಂಗಳಲ್ಲಿ ದರ ಏರಿಸಿದವು. ಡೇಟಾ ಬೇಕಿರಲಿ ಬೇಡದಿರಲಿ, ಅದರ ಬೆಲೆ ಕೊಡಲೇಬೇಕು. ಊಟ ಕೇಳಲು ಬಂದವನಿಗೆ ಹೋಳಿಗೆಯನ್ನೂ ಬಡಿಸಿ ಬಿಲ್ಲು ಮಾಡುವ ವ್ಯವಹಾರವಿದು. ತಿಂಡಿ ತಟ್ಟೆ ತೊಳೆಯುವ ಹುಡುಗನೊಬ್ಬ ಕೇವಲ ಬ್ಯಾಂಕಿನ ಸಂದೇಶಕ್ಕಾಗಿ ಊರಿನ ನಂಬರನ್ನು ಹೀಗೆ ಸಾಕಿದರೆ ವರ್ಷಕ್ಕೆ 13 ಸಲ, ಒಟ್ಟು 2,587 ರೂಪಾಯಿ.

2024ರ ಡಿಸೆಂಬರಿನಲ್ಲಿ ಟ್ರಾಯ್ ಮಧ್ಯೆ ಪ್ರವೇಶಿಸಿ, ಡೇಟಾ ಬೇಡವೆನ್ನುವವರಿಗೆ ಮಾತು ಮತ್ತು ಸಂದೇಶಗಳಿಗೆ ಮಾತ್ರವೇ ಪ್ರತ್ಯೇಕ ವೋಚರು ಕೊಡತಕ್ಕದ್ದೆಂದು ನಿಯಮ ಮಾಡಿದುದು ಶ್ಲಾಘನೀಯ. 2025ರ ಜನವರಿಯಲ್ಲಿ ಏರ್‌ಟೆಲ್ ಅದನ್ನು ಪಾಲಿಸಿದ ಬಗೆಯನ್ನು ನೋಡಿ: 84 ದಿನಗಳಿಗೆ 469 ರೂಪಾಯಿ, 365 ದಿನಗಳಿಗೆ 1,849 ರೂಪಾಯಿ. ದಿನದ ಲೆಕ್ಕಕ್ಕೆ ಇದು ಅಗ್ಗವೇ ಸರಿ. ಆದರೆ ಒಮ್ಮೆಗೇ ಎಣಿಸಿಕೊಡಬಲ್ಲವನಿಗೆ ಮಾತ್ರ. ಅಕ್ಕಿಯನ್ನು ಮೂಟೆಯಲ್ಲಿ ಕೊಳ್ಳುವವನಿಗೆ ಒಂದು ದರ, ಸೇರಿನಲ್ಲಿ ಕೊಳ್ಳುವವನಿಗೆ ಇನ್ನೊಂದು ದರ! ಇದಕ್ಕಿಂತ ಬಡವನಾದ ಗಿರಾಕಿಯ ಪ್ರೀತಿಯನ್ನು ಆಫ್ರಿಕಾದಲ್ಲಿ ಚೂರು ಚೂರಾಗಿ ಮಾರಿ ಸಂಪಾದಿಸಿಕೊಳ್ಳಬೇಕಾಗಿ ಬಂದ ಕಂಪೆನಿಯೇ ಇಲ್ಲಿ ಹೀಗೆ ನಡೆಯುವುದು ನಮಗೆ ಸೋಜಿಗವೆನಿಸುತ್ತದೆ. ಟವರು, ತರಂಗಾಂತರಗಳಿಗೆ ಕೋಟ್ಯಂತರ ಸುರಿದಿದ್ದೇವೆಂಬ ಕಂಪೆನಿಗಳ ವಾದವನ್ನು ನಾವು ಅಲ್ಲಗಳೆಯುವುದಿಲ್ಲ. ಡೇಟಾ ಸುರಿಸಿಕೊಳ್ಳುವವರಿಂದ ಆ ಹಣ ಎತ್ತಲಿ.

ಇಲ್ಲಿ ಕಾರ್ಮಿಕ ಬಂಧುಗಳು ತಿಳಿದಿರಬೇಕಾದ ಸಂಗತಿಯೊಂದಿದೆ. ಪ್ರೀಪೇಯ್ಡ್ ನಂಬರನ್ನು 90 ದಿನ ಬಳಸದಿದ್ದರೂ ಅದರಲ್ಲಿ 20 ರೂಪಾಯಿಯಾದರೂ ಶಿಲ್ಕಿದ್ದರೆ ಆ ನಂಬರನ್ನು ರದ್ದು ಮಾಡತಕ್ಕದ್ದಲ್ಲವೆಂದು 2013ರ ಟ್ರಾಯ್ ನಿಯಮ ಹೇಳುತ್ತದೆ. ಇದರಿಂದ ನಂಬರು ಉಳಿಯುತ್ತದೆಯೇ ಹೊರತು ಸಂದೇಶ ಬರುತ್ತದೆಂಬ ಖಾತರಿಯಿಲ್ಲ. ರೀಚಾರ್ಜಿನ ಅವಧಿ ಮುಗಿದ ಕೆಲವು ದಿನಗಳ ಮೇಲೆ ಒಳಬರುವ ಕರೆಯೂ ನಿಲ್ಲುತ್ತದೆ. ರದ್ದಾದ ನಂಬರು ಸ್ವಲ್ಪ ಕಾಲದ ಮೇಲೆ ಬೇರೊಬ್ಬನ ಪಾಲಾಗುತ್ತದೆ. ಬ್ಯಾಂಕಿಗೆ ತಿಳಿಸದೆ ನಂಬರು ಬಿಟ್ಟವನ ಗುಟ್ಟಿನ ಸಂಖ್ಯೆ ಆಗ ಪರರ ಫೋನಿಗೆ ಹೋಗುತ್ತದೆ. ಆದುದರಿಂದ ಊರಿನ ನಂಬರು ಬಿಡುವವರು ಮೊದಲು ಬ್ಯಾಂಕಿನಲ್ಲಿ ಹೊಸ ನಂಬರನ್ನು ಬರೆಸತಕ್ಕದ್ದು. ಅಲ್ಲದೆ 2015ರ ಜುಲೈಯಿಂದ ರಾಜ್ಯ ಬದಲಾದರೂ ಅದೇ ನಂಬರನ್ನು ಬೇರೆ ಕಂಪೆನಿಗೆ ಒಯ್ಯುವ ಹಕ್ಕಿದೆ. ದರ ಕಡಮೆಯಿರುವ ಸರ್ಕಾರಿ ಬಿ.ಎಸ್.ಎನ್.ಎಲ್. ಕಡೆಗೂ ನೋಡಬಹುದು, ತಾವಿರುವಲ್ಲಿ ಅದರ ಸಿಗ್ನಲ್ಲು ಚೆನ್ನಾಗಿದ್ದರೆ.

ನಮ್ಮ ಮಾಲೀಕ ಮಿತ್ರರಿಗೂ ಒಂದು ಮಾತು. ವರ್ಷದ 1,849 ರೂಪಾಯಿಯನ್ನು ಹೋಟೆಲಿನಿಂದ ಮುಂಗಡವಾಗಿ ಕಟ್ಟಿ, ತಿಂಗಳಿಗೆ 154 ರೂಪಾಯಿಯಂತೆ ಬಡ್ಡಿಯಿಲ್ಲದೆ ಹಿಡಿದುಕೊಂಡರೆ ಮಾಲೀಕನಿಗೆ ನಷ್ಟವಿಲ್ಲ. ಹುಡುಗನಿಗೆ 738 ರೂಪಾಯಿ ಉಳಿಯುತ್ತದೆ. ಕೈಗೆ ಬಂದ ಹುಡುಗರಿಗೆ ತಮ್ಮ ಹೆಸರಿನಲ್ಲಿಯೋ ಮೇಸ್ತ್ರಿಯ ಹೆಸರಿನಲ್ಲಿಯೋ ಸಿಮ್ ಕೊಡಿಸುವ ಪದ್ಧತಿಯನ್ನಾದರೋ ಕೂಡಲೆ ನಿಲ್ಲಿಸಬೇಕು. ಕೆಲಸ ಬಿಟ್ಟ ದಿನ ಅವನ ನಂಬರೂ, ಅದರ ಬೆನ್ನಿಗಿರುವ ಖಾತೆಯೂ ಪರರ ವಶದಲ್ಲಿ ಉಳಿಯುವುದು ಯಾರಿಗೂ ಶ್ರೇಯಸ್ಕರವಲ್ಲ.

ಸರ್ಕಾರದಿಂದ ಕೇಳಬೇಕಾದುದು ಸ್ವಲ್ಪವೇ: ಒಳಬರುವ ಕರೆ ಮತ್ತು ಬ್ಯಾಂಕಿನ ಸಂದೇಶಗಳಿಗೆ ಮಾತ್ರವಾದ, 28 ದಿನಗಳ, 50 ರೂಪಾಯಿ ಮೀರದ ಒಂದು ವೋಚರು ಎಲ್ಲ ಕಂಪೆನಿಗಳಲ್ಲಿಯೂ ಕಡ್ಡಾಯವಾಗಬೇಕು. ಟ್ರಾಯ್‌ಗೆ ಬೆಂಗಳೂರಿನಲ್ಲಿಯೂ ಹೈದರಾಬಾದಿನಲ್ಲಿಯೂ ಪ್ರಾದೇಶಿಕ ಕಚೇರಿಗಳಿವೆ. ನಮ್ಮ ಕನ್ನಡ ಸಂಘಗಳು ಮುಂದಿನ ಸಭೆಯಲ್ಲಿಯೇ ಮನವಿಯನ್ನು ಸಿದ್ಧಪಡಿಸಿ, ಇಲ್ಲಿಯ ತೆಲುಗು ಕಾರ್ಮಿಕರ ಸಹಿಗಳನ್ನೂ ಕೂಡಿಸಿಕೊಂಡು ಎರಡೂ ಕಡೆಗೆ ಕಳುಹಿಸಲಿ. ಅವರ ಮಕ್ಕಳೂ ಬೆಂಗಳೂರಿನಲ್ಲಿ ದುಡಿಯುತ್ತ ಆಂಧ್ರದ ನಂಬರನ್ನು ಹೀಗೆಯೇ ಸಾಕುತ್ತಿದ್ದಾರೆ.